ಬೊಡೋನಿಯ ಕೂದಲೆಳೆ

ಮೈಸೂರಿನ ನನ್ನ ಸೋದರಮಾವನ ಅಚ್ಚುಕೂಟದಲ್ಲಿ ಕನ್ನಡದ ಮೊಳೆಗಳು ಹಿಡಿದಿದ್ದ ಜಾಗದ ಕಾಲುಪಾಲೂ ಇಂಗ್ಲಿಷಿಗೆ ಇರಲಿಲ್ಲ. ಕನ್ನಡದ ಕೇಸು ಎಂದರೆ ಗೋಡೆಯುದ್ದಕ್ಕೂ ಹಬ್ಬಿದ ಗೂಡುಗಳು. ಗುಣಿತಕ್ಕೆ, ಒತ್ತಕ್ಷರಕ್ಕೆ, ಅರ್ಕಾವತ್ತಿಗೆ ಎಲ್ಲಕ್ಕೂ ಪ್ರತ್ಯೇಕ ಮನೆ. ಇಂಗ್ಲಿಷಿಗೆ ಮೇಲೊಂದು ಕೆಳಗೊಂದು ಕೇಸು, ಮುಗಿಯಿತು. ಆದರೆ ಆ ಇಂಗ್ಲಿಷ್ ಮೂಲೆಯಲ್ಲಿ ಒಂದು ಕೇಸಿಗೆ ಬೀಗ ಇರದಿದ್ದರೂ ಬೀಗ ಹಾಕಿದಷ್ಟೇ ಕಾವಲಿತ್ತು. ಅದರ ಮೇಲಿನ ಚೀಟಿಯಲ್ಲಿ ‘ಬೊಡೋನಿ 24’ ಎಂದು ಬರೆದಿತ್ತು. ಲಗ್ನಪತ್ರಿಕೆಯ ಇಂಗ್ಲಿಷ್ ಮಗ್ಗುಲಿಗೆ, ವಕೀಲರ ಮತ್ತು ಡಾಕ್ಟರರ ಲೆಟರ್‌ಹೆಡ್ಡಿಗೆ, ಯಾವಾಗಲಾದರೊಮ್ಮೆ ಸಂಗೀತ ಸಭೆಯ ಆಹ್ವಾನಪತ್ರಕ್ಕೆ ಅದು ಹೊರಗೆ ಬರುತ್ತಿತ್ತು. ಬಿಲ್ ಬುಕ್ಕು, ಸಿನಿಮಾ ಕರಪತ್ರ, ಚುನಾವಣೆಯ ಚೀಟಿಗಳಿಗೆಲ್ಲ ಅದನ್ನು ಮುಟ್ಟುವಂತಿರಲಿಲ್ಲ.

ಅಲ್ಲಿನ ಹಿರಿಯ ಕಂಪೋಸಿಟರನ್ನು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಬೇಸಿಗೆ ರಜೆಯಲ್ಲಿ ನಾನು ಅವರ ಪಕ್ಕ ಕೂತು, ಅಚ್ಚಾದ ಪುಟಗಳ ಮೊಳೆ ಬಿಡಿಸಿ ಗೂಡುಗಳಿಗೆ ಹಂಚುತ್ತಿದ್ದೆ. ಕೈ ಪಳಗಿದವರು ಕನ್ನಡದ ಮೊಳೆಯನ್ನು ನೋಡದೆಯೇ ಗೂಡಿಗೆ ಎಸೆಯುತ್ತಿದ್ದರು. ಬೊಡೋನಿಗೆ ಆ ಸ್ವಾತಂತ್ರ್ಯ ಇರಲಿಲ್ಲ. “ಎಸೀಬೇಡ ಕಣೋ, ಇಡು. ತೆಳುಗೆರೆ ಬಗ್ಗಿದ್ರೆ ಆ ಅಕ್ಷರ ಮುಗೀತು, ಕರಗ್ಸೋಕ್ಕೇ ಹೋಗ್ಬೇಕು” ಎನ್ನುತ್ತಿದ್ದರು. ಒಮ್ಮೆ ಭೂತಗನ್ನಡಿ ಕೈಗೆ ಕೊಟ್ಟು ದೊಡ್ಡಕ್ಷರದ ‘ಎಚ್’ ತೋರಿಸಿದರು. ಎರಡು ದಪ್ಪ ಕಂಬ, ನಡುವೆ ಕೂದಲೆಳೆಯಷ್ಟು ಅಡ್ಡಗೆರೆ, ಕಂಬಗಳ ತಲೆಗೂ ಬುಡಕ್ಕೂ ಅಷ್ಟೇ ತೆಳುವಾದ ಚಪ್ಪಟೆ ಗೀರು. “ಆ ನಡುಗೆರೆ ಬೀಳ್ದೆ ಹೋದ್ರೆ ಅದು ಎರಡು ‘ಐ’, ಬಿದ್ರೆ ‘ಎಚ್’. ಅಷ್ಟು ಸಣ್ಣದರ ಮೇಲೆ ನಿಂತಿದೆ ನೋಡು ಅದರ ಜಂಬ ಎಲ್ಲಾ” ಎಂದರು. ಅಕ್ಷರ ವಿನ್ಯಾಸದ ಬಗ್ಗೆ ಆಮೇಲೆ ನಾನು ಓದಿದ ದಪ್ಪ ದಪ್ಪ ಪುಸ್ತಕಗಳಲ್ಲಿ ಇದಕ್ಕಿಂತ ಹೆಚ್ಚಿಗೆ ಏನನ್ನಾದರೂ ಹೇಳಿದವು ಬಹಳ ಇಲ್ಲ.

ಬೊಡೋನಿಯ ರೂಪದ ಬಗ್ಗೆ ಒಂದಿಷ್ಟು ಹೇಳಬೇಕು. ಸಾಮಾನ್ಯವಾಗಿ ಇಂಗ್ಲಿಷ್ ಪುಸ್ತಕಗಳಲ್ಲಿ ಕಾಣುವ ಸೆರಿಫ್ ಅಕ್ಷರಗಳಲ್ಲಿ ಕಂಬವೂ ಅದರ ಬುಡದ ಗೀರೂ ಒಂದು ಸಣ್ಣ ಬಾಗಿನ ಮೂಲಕ ಕೂಡಿಕೊಳ್ಳುತ್ತವೆ. ಬೊಡೋನಿಯಲ್ಲಿ ಆ ಬಾಗು ಇಲ್ಲವೆನ್ನುವಷ್ಟು ಕಡಿಮೆ. ದಪ್ಪ ಕಂಬ ನೇರವಾಗಿ ಇಳಿದು ಕೂದಲೆಳೆಯ ಮೇಲೆ ನಿಲ್ಲುತ್ತದೆ. ಹಳೆಯ ಅಕ್ಷರಗಳ ‘ಓ’ ಸ್ವಲ್ಪ ಓರೆಯಾಗಿ ಮೈತುಂಬಿಕೊಂಡಿರುತ್ತದೆ, ಇಲ್ಲಿನ ‘ಓ’ದ ದಪ್ಪ ಎಡಬಲಗಳಲ್ಲಿ ಲಂಬವಾಗಿ ಕೂತಿರುತ್ತದೆ, ಮೇಲೂ ಕೆಳಗೂ ಗೆರೆ ಮಾಯವಾಗುವಷ್ಟು ಸಣ್ಣಗಾಗುತ್ತದೆ. ಸಣ್ಣಕ್ಷರದ ‘ಸಿ’, ‘ಆರ್’, ‘ಎಫ್’ಗಳ ತುದಿಯಲ್ಲಿ ದುಂಡನೆಯ ತೊಟ್ಟು. ‘ಕ್ಯೂ’ ಅಕ್ಷರದ ಬಾಲಕ್ಕೆ, ‘ಮತ್ತು’ ಎನ್ನಲು ಬಳಸುವ ಆ ಸುರುಳಿ ಚಿಹ್ನೆಗೆ ಮಾತ್ರ ಒಂದಿಷ್ಟು ಲಾಸ್ಯ ಬಿಟ್ಟುಕೊಟ್ಟಿದ್ದಾರೆ. ಅಂಕಿಗಳಂತೂ ಸರಿಯೇ ಸರಿ. 2 ಮತ್ತು 5ರ ಸೊಬಗಿಗಾಗಿಯೇ ನಾನು ಕ್ಯಾಲೆಂಡರುಗಳಿಗೆ ಬೊಡೋನಿ ಬಳಸಿದ್ದುಂಟು.

ಸೋದರಮಾವನಿಗೆ ಅಕ್ಷರದ ಇತಿಹಾಸ ಬೇಕಿರಲಿಲ್ಲ, ವ್ಯವಹಾರ ಬೇಕಿತ್ತು. ಆದರೂ ಅವರದೊಂದು ಕಟ್ಟುನಿಟ್ಟು ಇತ್ತು. ಬೊಡೋನಿ ಬೇಕೆಂದವರು ಐವರಿ ಕಾರ್ಡಿಗೆ ದುಡ್ಡು ಕೊಡಲೇಬೇಕು. ಸಾದಾ ಕಾಗದದಲ್ಲಿ ಅದನ್ನು ಹೊಡೆದುಕೊಡುತ್ತಿರಲಿಲ್ಲ. ಕಾರಣ ಟ್ರೆಡಲ್ ಮೆಷಿನ್ ಪಕ್ಕ ನಿಂತವರಿಗೆ ತಾನೇ ಗೊತ್ತಾಗುತ್ತದೆ. ಒರಟು ಕಾಗದದ ಮೇಲೆ ತೆಳುಗೆರೆ ಪೂರ್ತಿ ಬೀಳಬೇಕಾದರೆ ಒತ್ತಡ ಹೆಚ್ಚಿಸಬೇಕು, ಇಲ್ಲವೆ ಮಸಿ ಹೆಚ್ಚಿಸಬೇಕು. ಒತ್ತಡ ಹೆಚ್ಚಿದರೆ ಕಾಗದದ ಹಿಂಬದಿ ಉಬ್ಬುತ್ತದೆ, ಮೊಳೆ ಬೇಗ ಸವೆಯುತ್ತದೆ. ಮಸಿ ಹೆಚ್ಚಿದರೆ ದಪ್ಪ ಕಂಬಗಳು ಊದಿಕೊಂಡು ತೊಟ್ಟುಗಳು ಕೆಸರಾಗುತ್ತವೆ. ಹಾಗಾಗಿ ಮೆಷಿನ್ ಮ್ಯಾನ್ ಕಾಗದದ ಹಿಂದೆ ತೆಳು ಟಿಶ್ಯೂ ಚೂರುಗಳನ್ನು ಅಂಟಿಸಿ ಪ್ಯಾಕಿಂಗ್ ಸರಿಮಾಡುತ್ತ, ಒಂದೊಂದು ಪ್ರತಿಯನ್ನೂ ಬೆಳಕಿಗೆ ಹಿಡಿದು ನೋಡುತ್ತ ಅರ್ಧ ದಿನ ಕಳೆಯುತ್ತಿದ್ದ. ಒಂದು ಲಗ್ನಪತ್ರಿಕೆಯ ಇಂಗ್ಲಿಷ್ ಮಗ್ಗುಲಿಗೆ ತಗಲುವ ಹೊತ್ತಿನಲ್ಲಿ ಕನ್ನಡದ ಮಗ್ಗುಲು ಅಚ್ಚಾಗಿ ಒಣಗಿಯೂ ಆಗಿರುತ್ತಿತ್ತು. ಅಕ್ಷರ ತನಗೆ ಬೇಕಾದ ಕಾಗದವನ್ನೂ ಮಸಿಯನ್ನೂ ಕೈಯನ್ನೂ ತಾನೇ ಕೇಳಿ ಪಡೆಯುತ್ತದೆ ಎನ್ನುವುದು ನನಗೆ ಅಲ್ಲಿಯೇ ಮನದಟ್ಟಾಯಿತು. ಈ ಬರಹದಲ್ಲಿ ನಾನು ಹೇಳಹೊರಟದ್ದೂ ಬಹುಪಾಲು ಅಷ್ಟೇ.

ಬೊಡೋನಿ ಎಂಬುದು ಮನುಷ್ಯನೊಬ್ಬನ ಹೆಸರೆಂದು ತಿಳಿದದ್ದು ಬೆಂಗಳೂರಿಗೆ ಬಂದು ಜಾಹೀರಾತು ಕಚೇರಿಯೊಂದರಲ್ಲಿ ಕೆಲಸಕ್ಕೆ ಸೇರಿದ ಮೇಲೆ. ಜಾಂಬತ್ತಿಸ್ತ ಬೊಡೋನಿ, ಹುಟ್ಟಿದ್ದು 1740ರಲ್ಲಿ, ಇಟಲಿಯ ವಾಯವ್ಯದ ಸಲುತ್ಸೊ ಎಂಬ ಊರಿನಲ್ಲಿ. ತಂದೆಯೂ ಮುದ್ರಕನೇ. ಹದಿನೆಂಟರ ಹರೆಯದಲ್ಲಿ ರೋಮಿಗೆ ಹೋಗಿ, ಕ್ಯಾಥೊಲಿಕ್ ಚರ್ಚಿನ ಧರ್ಮಪ್ರಚಾರ ವಿಭಾಗವಾದ ಪ್ರೊಪಗಾಂಡಾ ಫಿದೆಯ ಅಚ್ಚುಕೂಟದಲ್ಲಿ ಮೊಳೆ ಜೋಡಿಸುವ ಕೆಲಸ ಹಿಡಿದ. ಅಲ್ಲಿ ದೂರದೇಶಗಳ ಲಿಪಿಗಳಿಗೂ ಮೊಳೆಗಳಿದ್ದವು, ಅವುಗಳ ನಡುವೆಯೇ ಅವನ ಕೈ ಪಳಗಿತು. ದಕ್ಷಿಣದವರಾದ ನಮಗೆ ಆ ಅಚ್ಚುಕೂಟದ ಮೇಲೆ ಸ್ವಲ್ಪ ಕುತೂಹಲ ಹೆಚ್ಚೇ ಇರಬೇಕು. ಮಲಯಾಳದ ಮೊದಲ ಅಚ್ಚಿನ ಪುಸ್ತಕವಾದ ‘ಸಂಕ್ಷೇಪ ವೇದಾರ್ಥಂ’ 1772ರಲ್ಲಿ ಹೊರಬಂದದ್ದು ಅಲ್ಲಿಂದಲೇ. ಬೊಡೋನಿ ಅಲ್ಲಿಂದ ಹೊರಟು ಆಗ ಆರು ವರ್ಷವಾಗಿತ್ತು.

ಅವನು ಹೊರಟದ್ದು ಇಂಗ್ಲೆಂಡಿಗೆ. ದಾರಿಯಲ್ಲಿ ಊರಿಗೆ ಬಂದವನು ಚಳಿಜ್ವರ ಹಿಡಿದು ಮಲಗಿಬಿಟ್ಟ, ಪ್ರಯಾಣ ಅಲ್ಲಿಗೇ ನಿಂತಿತು. 1768ರಲ್ಲಿ ಪಾರ್ಮಾದ ದೊರೆ ಫರ್ಡಿನಾಂಡನ ಆಸ್ಥಾನದಿಂದ ಕರೆ ಬಂತು, ಅರಮನೆಯ ಅಚ್ಚುಕೂಟ ಕಟ್ಟಿ ನಡೆಸಬೇಕೆಂದು. ಆಮೇಲೆ 1813ರಲ್ಲಿ ತೀರಿಕೊಳ್ಳುವವರೆಗೂ ಅವನು ಪಾರ್ಮಾ ಬಿಡಲಿಲ್ಲ. ಮೊದಮೊದಲು ಪ್ಯಾರಿಸಿನ ಫೂರ್ನಿಯೆ ಕೊರೆದ ಮೊಳೆಗಳನ್ನೇ ಕೊಂಡು ಬಳಸಿದ. ಬರುಬರುತ್ತ ತನ್ನವೇ ಅಕ್ಷರಗಳನ್ನು ಕೊರೆಯತೊಡಗಿದ. ಕೊರೆದಂತೆಲ್ಲ ದಪ್ಪಗೆರೆ ದಪ್ಪವಾಯಿತು, ತೆಳುಗೆರೆ ತೆಳುವಾಯಿತು, ಅಲಂಕಾರದ ಬಳ್ಳಿಹೂಗಳು ಪುಟದಿಂದ ಉದುರಿಹೋದವು. ಇಷ್ಟವಾದದ್ದು ನನಗೆ ಈ ಕೊನೆಯ ಸಂಗತಿ. ವಯಸ್ಸಾದಂತೆ ಅವನು ಪುಟದಿಂದ ಒಂದೊಂದನ್ನೇ ತೆಗೆಯುತ್ತ ಹೋದ.

ಇಂಗ್ಲೆಂಡಿನ ದಾರಿ ಹಿಡಿದದ್ದರ ಹಿನ್ನೆಲೆಯಲ್ಲಿ ಇನ್ನೊಬ್ಬನ ಹೆಸರು ಬರುತ್ತದೆ, ಬರ್ಮಿಂಗ್‌ಹ್ಯಾಮಿನ ಜಾನ್ ಬಾಸ್ಕರ್‌ವಿಲ್. 1757ರಲ್ಲಿ ಅವನು ಅಚ್ಚುಹಾಕಿದ ವರ್ಜಿಲ್ ಕವಿಯ ಕೃತಿ ಯುರೋಪಿನ ಮುದ್ರಕರನ್ನೆಲ್ಲ ಬೆರಗುಗೊಳಿಸಿತ್ತು. ಜಾಲರಿಯ ಗೆರೆ ಕಾಣದ ನುಣುಪು ಕಾಗದ, ಹೊಳೆಯುವ ಕಪ್ಪು ಮಸಿ, ಅಚ್ಚಾದ ಹಾಳೆಯನ್ನು ಬಿಸಿ ತಾಮ್ರದ ತಗಡುಗಳ ನಡುವೆ ಇಟ್ಟು ಒತ್ತುವ ಉಪಾಯ, ಇವೆಲ್ಲ ಇದ್ದುದರಿಂದಲೇ ಅವನ ಅಕ್ಷರದ ತೆಳುಗೆರೆ ಉಳಿಯಿತು. ಆ ಗೆರೆಗಳಿಂದ ದೇಶದ ಜನರ ಕಣ್ಣೇ ಹೋಗುತ್ತದೆ ಎಂದು ಮೂಗು ಮುರಿದವರೂ ಇದ್ದರು. ಬೆಂಜಮಿನ್ ಫ್ರಾಂಕ್ಲಿನ್ ಅಂಥವರೊಬ್ಬರಿಗೆ ಮಾಡಿದ ಕೀಟಲೆ ಪ್ರಸಿದ್ಧ. ಬೇರೊಬ್ಬ ಅಕ್ಷರಕಾರ ಕ್ಯಾಸ್ಲನ್ನನ ಮಾದರಿ ಹಾಳೆಯ ತಲೆಯಲ್ಲಿದ್ದ ಹೆಸರು ಹರಿದು ತೆಗೆದು, ಬಾಸ್ಕರ್‌ವಿಲ್ಲನದು ಎಂದು ಅವರ ಮುಂದೆ ಹಿಡಿದ. ಆ ಮಹಾಶಯರು ಅದನ್ನು ನೋಡುತ್ತ ಎಲ್ಲೆಲ್ಲಿ ಅಳತೆ ಕೆಟ್ಟಿದೆ ಎಂದು ತೋರಿಸಿ, ಕಣ್ಣು ನೋಯುತ್ತಿದೆ ಎಂದೂ ಹೇಳಿದರಂತೆ. ದಿನವೂ ತಾವು ಓದುತ್ತಿದ್ದ ಅಕ್ಷರವೇ ಅದು ಎಂದು ಅವರಿಗೆ ಫ್ರಾಂಕ್ಲಿನ್ ಹೇಳಲಿಲ್ಲ. ಇದೇ ಫ್ರಾಂಕ್ಲಿನ್ 1787ರಲ್ಲಿ ಬೊಡೋನಿಗೂ ಮೆಚ್ಚುಗೆಯ ಕಾಗದ ಬರೆದ. ಸ್ವತಃ ಮೊಳೆ ಜೋಡಿಸಿ ಬೆಳೆದ ಮನುಷ್ಯ ಅವನು, ಆ ಮೆಚ್ಚುಗೆಗೆ ಬೆಲೆ ಇದೆ.

ಫ್ರಾನ್ಸಿನಲ್ಲಿ ಇದೇ ಹಾದಿಯಲ್ಲಿ ಹೊರಟವರು ದಿದೋ ಮನೆತನದವರು. 1780ರ ದಶಕದಲ್ಲಿ ಫಿರ್ಮಾಂ ದಿದೋ ಕೊರೆದ ಅಕ್ಷರಗಳು ಬೊಡೋನಿಯದಕ್ಕಿಂತಲೂ ಬಿಗಿ, ಇನ್ನಷ್ಟು ತಣ್ಣಗೆ. ಇಬ್ಬರ ನಡುವೆ ಪೈಪೋಟಿಯೂ ಇತ್ತು. ಬೊಡೋನಿಯ ಪುಸ್ತಕಗಳಲ್ಲಿ ಅಚ್ಚಿನ ತಪ್ಪುಗಳಿವೆ ಎಂದು ದಿದೋ ಕಡೆಯವರು ಎತ್ತಿ ಆಡುತ್ತಿದ್ದರು. ನನ್ನನ್ನು ಕೇಳಿದರೆ ಅದರಲ್ಲಿ ಹುರುಳಿದೆ. ಬೊಡೋನಿಯ ಪುಸ್ತಕಗಳು ದೊರೆಗಳ ಕಪಾಟಿಗೆ ಹೋಗುತ್ತಿದ್ದವು, ಅಲ್ಲಿ ಕರಡು ತಿದ್ದುವ ಕಣ್ಣಿನಿಂದ ಓದುವವರು ಯಾರು? 1805ರಲ್ಲಿ ಪ್ಯಾರಿಸಿನ ಸರ್ಕಾರಿ ಅಚ್ಚುಕೂಟ ಯೇಸುವಿನ ಪ್ರಾರ್ಥನೆಯನ್ನು 150 ಭಾಷೆಗಳಲ್ಲಿ ಅಚ್ಚುಹಾಕಿ ಪೋಪರಿಗೆ ಒಪ್ಪಿಸಿತು. ಮರುವರ್ಷವೇ ಬೊಡೋನಿ ಅದನ್ನು 155 ಭಾಷೆಗಳಲ್ಲಿ ತಂದ. ಆ ಹೆಚ್ಚಿನ ಐದು ಭಾಷೆಗಳಲ್ಲಿ ಭಕ್ತಿ ಎಷ್ಟು, ಹಟ ಎಷ್ಟು ಎಂದು ಓದುಗರೇ ಊಹಿಸಿಕೊಳ್ಳಲಿ.

ಈ ದಪ್ಪ-ತೆಳು ಎಲ್ಲಿಂದ ಬಂತು ಎನ್ನುವುದನ್ನು ಸ್ಪಷ್ಟವಾಗಿ ವಿವರಿಸಿದವರು ಡಚ್ ಅಕ್ಷರಗುರು ಗೆರಿಟ್ ನೋರ್ಡ್‌ಜೈ. ಅಗಲ ಮೂತಿಯ ಲೇಖನಿಯಲ್ಲಿ ಬರೆದಾಗ ಗೆರೆಯ ದಪ್ಪ ಲೇಖನಿ ಹೋಗುವ ದಿಕ್ಕಿನಿಂದ ಬರುತ್ತದೆ. ಚೂಪು ಮೂತಿಯ, ಬಳುಕುವ ಲೇಖನಿಯಲ್ಲಿ ಅದು ಕೈಯ ಒತ್ತಡದಿಂದ ಬರುತ್ತದೆ. ಕೆಳಗೆಳೆಯುವಾಗ ಒತ್ತಿದರೆ ಮೂತಿ ಬಿರಿದು ದಪ್ಪ, ಮೇಲಕ್ಕೋ ಅಡ್ಡಕ್ಕೋ ಹೋಗುವಾಗ ಕೈ ಸಡಿಲ ಬಿಟ್ಟರೆ ಎಳೆ. ಹದಿನೆಂಟನೆಯ ಶತಮಾನದ ಕಚೇರಿ ಬರವಣಿಗೆ, ತಾಮ್ರದ ತಗಡಿನ ಮೇಲೆ ಕೊರೆದು ಅಚ್ಚುಹಾಕುತ್ತಿದ್ದ ಕಾಪಿ ಪುಸ್ತಕಗಳು ಎಲ್ಲವೂ ಈ ಎರಡನೆಯ ಬಗೆಯವು. ಬೊಡೋನಿ, ದಿದೋ ಇಬ್ಬರೂ ಆ ಲೇಖನಿಯ ಚಳಕವನ್ನು ಉಕ್ಕಿನಲ್ಲಿ ಹಿಡಿದಿಟ್ಟವರು.

ಮಿಲಾನಿನಲ್ಲಿ ಕೆಲಸದ ಮೇಲೆ ಕೆಲವು ದಿನ ಇರಬೇಕಾಗಿ ಬಂದಾಗ ರೈಲು ಹತ್ತಿ ಪಾರ್ಮಾಕ್ಕೆ ಹೋದೆ. ಊರ ನಡುವೆ ಪಿಲೊತ್ತಾ ಎಂಬ ಇಟ್ಟಿಗೆಯ ದೈತ್ಯ ಅರಮನೆ. ಎರಡನೆಯ ಮಹಾಯುದ್ಧದ ಬಾಂಬಿಗೆ ಅದರ ಒಂದಷ್ಟು ಭಾಗ ಬಿದ್ದುಹೋಗಿತ್ತು. ಅದರೊಳಗೆ ಚಿತ್ರಶಾಲೆ ಇದೆ, ಮರದಲ್ಲಿ ಕಟ್ಟಿದ ಫರ್ನೇಸೆ ರಂಗಮಂದಿರವಿದೆ, ಪಲಾಟಿನಾ ಗ್ರಂಥಾಲಯವಿದೆ. ಬೊಡೋನಿ ವಸ್ತುಸಂಗ್ರಹಾಲಯವೂ ಇರುವುದು ಅಲ್ಲೇ, 1963ರಿಂದ. ಪ್ರವಾಸಿಗಳ ಗುಂಪು ಕೊರೆಜ್ಜೊನ ಚಿತ್ರಗಳ ಕಡೆ ಹೋಯಿತು. ಮೊಳೆ ನೋಡಲು ಹೋದವನು ಆ ಹೊತ್ತಿನಲ್ಲಿ ನಾನೊಬ್ಬನೇ.

ಅಲ್ಲಿ ಅವನ ಪಂಚ್‌ಗಳಿವೆ, ಸಾವಿರಾರು. ಮೊಳೆ ಹುಟ್ಟುವ ಬಗೆ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಬೆರಳುದ್ದದ ಉಕ್ಕಿನ ಸರಳಿನ ತುದಿಯಲ್ಲಿ ಅಕ್ಷರವನ್ನು ಉಬ್ಬಾಗಿ, ತಿರುಗಾಮುರುಗಾ ಕೊರೆಯಬೇಕು. ಆಗಾಗ ದೀಪದ ಕುಡಿಗೆ ಹಿಡಿದು ಮಸಿ ಹತ್ತಿಸಿ ಕಾಗದಕ್ಕೆ ಒತ್ತಿ ನೋಡಬೇಕು. ಸರಿಯೆನಿಸಿದ ಮೇಲೆ ಉಕ್ಕನ್ನು ಕಾಯಿಸಿ ಹದಗೊಳಿಸಿ, ತಾಮ್ರದ ತುಂಡಿನ ಮೇಲಿಟ್ಟು ಸುತ್ತಿಗೆಯಿಂದ ಒಂದೇ ಏಟು. ತಾಮ್ರದಲ್ಲಿ ಬಿದ್ದ ಆ ಕುಳಿಯೇ ಅಚ್ಚು. ಅದಕ್ಕೆ ಸೀಸದ ಎರಕ ಹುಯ್ದರೆ ಮೊಳೆ. ಗಾಜಿನ ಹಿಂದಿದ್ದ ಸಣ್ಣ ಅಳತೆಯ ಪಂಚ್‌ಗಳನ್ನು ಬಗ್ಗಿ ನೋಡಿದೆ. ತುದಿಯಲ್ಲಿ ಏನಿದೆ ಎಂದು ಬರಿಗಣ್ಣಿಗೆ ಕಾಣಿಸಲೇ ಇಲ್ಲ, ಒಂದು ಕಾಳಿನಷ್ಟೂ ಇರಲಿಲ್ಲ. ಅಲ್ಲಿ ಕೂದಲೆಳೆ ಗೆರೆಯನ್ನು ಉಳಿಸಬೇಕಾದರೆ ಸುತ್ತಲಿನ ಉಕ್ಕನ್ನೆಲ್ಲ ತೆಗೆಯಬೇಕು. ಅರ ಒಂದು ಸಲ ಹೆಚ್ಚಿಗೆ ಎಳೆದರೆ ಇಡೀ ಸರಳು ವ್ಯರ್ಥ.

‘ಮನುಆಲೆ ತಿಪೊಗ್ರಾಫಿಕೊ’, ಅವನ ಅಕ್ಷರಗಳ ದೊಡ್ಡ ಮಾದರಿ ಗ್ರಂಥ, ಎರಡು ಸಂಪುಟ. ಅದನ್ನು ಅಚ್ಚಿಗೆ ತಂದದ್ದು ಅವನು ತೀರಿಕೊಂಡ ಐದು ವರ್ಷಕ್ಕೆ, 1818ರಲ್ಲಿ, ಅವನ ಹೆಂಡತಿ ಮಾರ್ಗೆರಿಟಾ ದಲ್ಲಾಲ್ಯೊ. ಜತೆಗೆ ನಿಂತವನು ಅಚ್ಚುಕೂಟದ ಮೇಲ್ವಿಚಾರಕ ಲುಯಿಜಿ ಓರ್ಸಿ. ಅದರ ಮುನ್ನುಡಿಯಲ್ಲಿ ಬೊಡೋನಿ ಅಕ್ಷರದ ಚೆಲುವಿಗೆ ನಾಲ್ಕು ಗುಣ ಹೇಳುತ್ತಾನೆ: ಕ್ರಮಬದ್ಧತೆ, ಚೊಕ್ಕಟತನ, ಸದಭಿರುಚಿ, ಲಾವಣ್ಯ. ಇದು ಎಲ್ಲರೂ ಎತ್ತಿ ಹೇಳುವ ಮಾತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ಪುಟಕ್ಕೊಂದು ಅಳತೆಯಂತೆ ರೋಮನ್ ಅಕ್ಷರಗಳು ಸಾಗುತ್ತವೆ. ತೀರ ಸಣ್ಣದಕ್ಕೆ ‘ಪಾರ್ಮಿಜಾನಿನಾ’ ಎಂಬ ಹೆಸರು, ತೀರ ದೊಡ್ಡದಕ್ಕೆ ಪೋಪರ ಘನತೆಗೆ ತಕ್ಕಂತೆ ‘ಪಾಪಾಲೆ’. ಒಂದೇ ಅಳತೆಯೊಳಗೂ ತುಸು ಕಪ್ಪು, ತುಸು ಬಿಳುಪು, ತುಸು ಅಗಲ, ತುಸು ಒತ್ತು ಎಂದು ಒಳಭೇದಗಳು. ಸಣ್ಣ ಅಳತೆಗಳಲ್ಲಿ ತೆಳುಗೆರೆ ಅಷ್ಟೇನೂ ತೆಳುವಾಗಿಲ್ಲ, ಅಕ್ಷರ ಗಿಡ್ಡ, ಮೈ ಅಗಲ, ನಡುವೆ ಜಾಗ ಹೆಚ್ಚು. ದೊಡ್ಡದಾಗುತ್ತ ಹೋದಂತೆ ಎಳೆ ಎಳೆಯಾಗಿ ಉಳಿಯುತ್ತದೆ, ಕಂಬ ಮಾತ್ರ ಬೆಳೆಯುತ್ತದೆ. ಅಂದರೆ ಬೊಡೋನಿ ಎಂಬ ಒಂದು ಅಕ್ಷರ ಇರಲೇ ಇಲ್ಲ. ಪ್ರತಿ ಅಳತೆಗೂ ಹೊಸದಾಗಿ ಕಣ್ಣಿಟ್ಟು ಕೊರೆದ ಒಂದು ದೊಡ್ಡ ಕುಟುಂಬ ಇತ್ತು.

ಇದು ಯಾಕೆ ಮುಖ್ಯವೆಂದರೆ, ಕಂಪ್ಯೂಟರ್ ಬಂದ ಹೊಸತರಲ್ಲಿ ನಮ್ಮ ಕೈಗೆ ಸಿಕ್ಕ ಬೊಡೋನಿಯಲ್ಲಿ ಕುಟುಂಬ ಇರಲಿಲ್ಲ, ಒಬ್ಬನೇ ಇದ್ದ. ಒಂದೇ ಚಿತ್ರವನ್ನು ಹಿಗ್ಗಿಸಿದರೆ ತಲೆಬರಹ, ಕುಗ್ಗಿಸಿದರೆ ಪಠ್ಯ. ಡಿಟಿಪಿ ಶುರುವಾದ ವರ್ಷಗಳಲ್ಲಿ ಒಂಬತ್ತು ಪಾಯಿಂಟಿನ ಬೊಡೋನಿಯಲ್ಲಿ ಜೋಡಿಸಿದ ಕಂಪನಿ ವರದಿಗಳು ಎಷ್ಟೋ ಬರುತ್ತಿದ್ದವು. ಅವುಗಳನ್ನು ಓದುವುದೆಂದರೆ ಬಸ್ಸಿನಲ್ಲಿ ಕೂತು ಸರಳು ಬೇಲಿಯ ಆಚೆಗಿನ ಬಿಸಿಲು ನೋಡಿದ ಹಾಗೆ. ಕಂಬಗಳು ಮಾತ್ರ ಕಣ್ಣಿಗೆ ಹೊಡೆಯುತ್ತವೆ, ಅವನ್ನು ಕೂಡಿಸುವ ಎಳೆಗಳು ಕಾಣೆ. ಬೊಡೋನಿ ಓದಲಾಗದ ಅಕ್ಷರ ಎಂಬ ಕೆಟ್ಟ ಹೆಸರು ಆಗ ಬಲವಾಯಿತು. ಅಪವಾದ ಹೊಸದೇನಲ್ಲ, ಇಂಗ್ಲೆಂಡಿನ ವಿಲಿಯಂ ಮಾರಿಸ್ ಹತ್ತೊಂಬತ್ತನೆಯ ಶತಮಾನದಲ್ಲೇ ಬೊಡೋನಿಯನ್ನು ಕಟುವಾಗಿ ಹಳಿದಿದ್ದ. ಅವನಿಗೆ ಬೇಕಿದ್ದದ್ದು ಹದಿನೈದನೆಯ ಶತಮಾನದ ದಟ್ಟ ಕಪ್ಪು ಪುಟ. ಮಾರಿಸನ ರುಚಿಯನ್ನು ನಾನು ಗೌರವಿಸುತ್ತೇನೆ, ತೀರ್ಪನ್ನು ಒಪ್ಪುವುದಿಲ್ಲ. ಪಾರ್ಮಾದಲ್ಲಿ ನೋಡಿದ ಪುಟಗಳಲ್ಲಿ ಸಾಲುಗಳ ನಡುವೆ ಬಿಟ್ಟಿದ್ದ ಬಿಳಿಯೇ ಅಕ್ಷರದ ಅರ್ಧ ಕೆಲಸ ಮಾಡುತ್ತಿತ್ತು. ಆ ಬಿಳಿ ಇಲ್ಲದ ಬೊಡೋನಿಯನ್ನು ಹಳಿದರೆ ಯಾರನ್ನು ಹಳಿದ ಹಾಗಾಯಿತು?

ಮೈಸೂರಿನ ಆ ಕೇಸಿನಲ್ಲಿದ್ದ ಮೊಳೆಗಳ ಮೂಲವೂ ನೇರವಾಗಿ ಪಾರ್ಮಾ ಅಲ್ಲ. ಅಮೆರಿಕನ್ ಟೈಪ್ ಫೌಂಡರ್ಸ್ ಕಂಪನಿಗಾಗಿ ಮಾರಿಸ್ ಫುಲ್ಲರ್ ಬೆಂಟನ್ ಸುಮಾರು 1910ರ ಹೊತ್ತಿಗೆ ಬೊಡೋನಿಯನ್ನು ಮರುರೂಪಿಸಿದ. ಜಗತ್ತಿನಾದ್ಯಂತ ಬೊಡೋನಿ ಎಂದು ಹರಡಿದ್ದರಲ್ಲಿ ಬಹುಪಾಲು ಆ ವಂಶದ್ದು, ಸ್ವಲ್ಪ ಗಟ್ಟಿಮುಟ್ಟಾದದ್ದು, ಮೆಷಿನ್ನಿನ ಏಟು ತಡೆದುಕೊಳ್ಳುವಂಥದ್ದು. ಫ್ರಾಂಕ್‌ಫರ್ಟಿನ ಬೌಯರ್ ಫೌಂಡ್ರಿಗೆ ಹೈನ್‌ರಿಖ್ ಯೋಸ್ಟ್ 1926ರಲ್ಲಿ ಮಾಡಿದ್ದು ಹೆಚ್ಚು ನಾಜೂಕು. 1994ರಲ್ಲಿ ಐಟಿಸಿ ಎಂಬ ಅಕ್ಷರ ಸಂಸ್ಥೆಯ ವಿನ್ಯಾಸಕರು ಪಾರ್ಮಾಕ್ಕೇ ಹೋಗಿ ಪಂಚ್‌ಗಳನ್ನು ನೋಡಿ ಬಂದು 6, 12, 72 ಪಾಯಿಂಟುಗಳಿಗೆ ಮೂರು ಬೇರೆ ರೂಪಗಳನ್ನು ಕೊಟ್ಟರು. ಅದು ಕೈಗೆ ಬಂದಾಗ ಬೊಡೋನಿಯಲ್ಲಿ ಸಣ್ಣಕ್ಷರವನ್ನೂ ಜೋಡಿಸಬಹುದೆಂದು ನಂಬಿಕೆ ಬಂತು.

ಫ್ಯಾಷನ್ ಪತ್ರಿಕೆಗಳ ಮಾತು ಬಿಟ್ಟರೆ ಈ ಅಕ್ಷರದ ಕಥೆ ಅಪೂರ್ಣ. ನ್ಯೂಯಾರ್ಕಿನ ‘ಹಾರ್ಪರ್ಸ್ ಬಜಾರ್’ನಲ್ಲಿ ಅಲೆಕ್ಸಿ ಬ್ರೊಡೊವಿಚ್ 1934ರಿಂದ 1958ರವರೆಗೆ ಕಲಾ ನಿರ್ದೇಶಕನಾಗಿದ್ದ. ದೊಡ್ಡ ಫೋಟೊ, ಅದರ ಪಕ್ಕ ಬಿಳಿಯ ಬಯಲು, ಅಂಚಿನಲ್ಲಿ ಬೊಡೋನಿಯದೋ ದಿದೋನದೋ ಒಂದಷ್ಟು ಪದ. ‘ವೋಗ್’ ಪತ್ರಿಕೆಯ ಹೆಸರೂ ಇದೇ ಕುಲದ ಅಕ್ಷರದಲ್ಲಿದೆ. ನಾನು ಕೆಲಸ ಕಲಿಯುತ್ತಿದ್ದ ಕಾಲಕ್ಕೆ ಬೆಂಗಳೂರಿನ ಫುಟ್‌ಪಾತಿನ ಹಳೇ ಪತ್ರಿಕೆಯವರಲ್ಲಿ ಫ್ಯಾಬಿಯನ್ ಬ್ಯಾರನ್ 1992ರಲ್ಲಿ ಹೊಸದಾಗಿ ರೂಪಿಸಿದ ‘ಬಜಾರ್’ ಸಂಚಿಕೆಗಳು ಸಿಗುತ್ತಿದ್ದವು. ಬಟ್ಟೆ ನೋಡದೆ ಅಕ್ಷರ ನೋಡುತ್ತ ಕೂತಿದ್ದವನನ್ನು ನೋಡಿ ಅಂಗಡಿಯವನಿಗೆ ಗುಮಾನಿ ಬಂದಿರಬೇಕು. ಆ ಅಕ್ಷರಗಳನ್ನು ಬರೆದುಕೊಟ್ಟವನು ಜೊನಾಥನ್ ಹೋಫ್ಲರ್. 6ರಿಂದ 96 ಪಾಯಿಂಟಿನವರೆಗೆ ಏಳು ಅಳತೆಗಳಿಗೆ ಏಳು ಬೇರೆ ರೂಪ ಮಾಡಿ, ಎಷ್ಟೇ ದೊಡ್ಡದಾದರೂ ಎಳೆ ಎಳೆಯಾಗಿಯೇ ಉಳಿಯುವಂತೆ ನೋಡಿಕೊಂಡಿದ್ದ. ಪಾರ್ಮಾದವನು ಅರದಲ್ಲಿ ಮಾಡಿದ್ದನ್ನು ಇವನು ಕಂಪ್ಯೂಟರಿನಲ್ಲಿ ಮಾಡಿದ, ಕೆಲಸ ಒಂದೇ.

ಆ ಪುಟಗಳು ಚೆಂದ ಕಂಡದ್ದರಲ್ಲಿ ಹೊಳಪು ಆರ್ಟ್ ಪೇಪರಿನ ಪಾಲೂ ಇತ್ತು ಎನ್ನುವುದನ್ನು ನಮ್ಮಲ್ಲಿ ಅನುಕರಿಸಿದವರು ಮರೆತರು. ಒಂದು ಆಭರಣದ ಅಂಗಡಿಯವರು ತಮ್ಮ ಹೆಸರನ್ನು ಇಂಥದೇ ಅಕ್ಷರದಲ್ಲಿ ಬರೆಸಿ, ದಟ್ಟ ಮರೂನ್ ಹಿನ್ನೆಲೆಯಲ್ಲಿ ಬಿಳಿಯಾಗಿ ಬಿಟ್ಟು, ಪತ್ರಿಕೆಯ ಪೂರ್ಣಪುಟಕ್ಕೆ ಕೊಡಬೇಕೆಂದು ಹಟ ಹಿಡಿದರು. ನ್ಯೂಸ್‌ಪ್ರಿಂಟಿನಲ್ಲಿ ಮಸಿ ಹಬ್ಬುತ್ತದೆ, ನಾಲ್ಕು ಬಣ್ಣಗಳೂ ಕೂದಲೆಳೆಯ ಲೆಕ್ಕದಲ್ಲಿ ಒಂದರ ಮೇಲೊಂದು ಕೂರಬೇಕು, ಒಂದು ಸರಿದರೂ ಬಿಳಿ ಎಳೆ ಮುಚ್ಚಿಹೋಗುತ್ತದೆ ಎಂದು ಹೇಳಿದ್ದಾಯಿತು. ಮಾರನೆಯ ದಿನ ಪತ್ರಿಕೆಯಲ್ಲಿ ಬಂದದ್ದು ಒಂದಷ್ಟು ಬಿಳಿ ಕಡ್ಡಿಗಳು. ಅಂಗಡಿಯ ಹೆಸರು ಗೊತ್ತಿದ್ದವರು ಓದಿಕೊಂಡರು. ‘ವಾಷಿಂಗ್ಟನ್ ಪೋಸ್ಟ್’ ಪತ್ರಿಕೆಯ ತಲೆಬರಹಗಳಿಗೆ ಮ್ಯಾಥ್ಯೂ ಕಾರ್ಟರ್ ಬೊಡೋನಿಯನ್ನೇ ತಿದ್ದಿ, ಎಳೆಗಳಿಗೆ ಸ್ವಲ್ಪ ಮಾಂಸ ತುಂಬಿ ‘ಪೋಸ್ಟೋನಿ’ ಮಾಡಿಕೊಟ್ಟದ್ದು ಸುಮ್ಮನೆ ಅಲ್ಲ.

ಮೊಬೈಲಿನ ಪರದೆಗಳು ಸೂಕ್ಷ್ಮವಾದ ಮೇಲೆ ಈ ಅಕ್ಷರಕ್ಕೆ ಹೊಸ ಜೀವ ಬಂದಿದೆ. ಹಳೆಯ ಮಾನಿಟರಿನಲ್ಲಿ ಬೂದು ಮಬ್ಬಾಗುತ್ತಿದ್ದ ಎಳೆ ಈಗ ಎಳೆಯಾಗಿಯೇ ಕಾಣುತ್ತದೆ. ಕ್ಲಾಸ್ ಎಗರ್ಸ್ ಸೋರೆನ್‌ಸೆನ್ 2011ರಲ್ಲಿ ಬಿಡುಗಡೆ ಮಾಡಿದ ‘ಪ್ಲೇಫೇರ್ ಡಿಸ್‌ಪ್ಲೇ’ ಪುಕ್ಕಟೆ ಸಿಗುವುದರಿಂದ ಕಾಫಿ ಅಂಗಡಿ, ಯೋಗ ಶಾಲೆ, ಸೀರೆ ಅಂಗಡಿ ಎಲ್ಲರೂ ಅದರಲ್ಲೇ. ಅದು ಬಾಸ್ಕರ್‌ವಿಲ್ ಕಾಲದ ಅಕ್ಷರಗಳಿಂದ ಸ್ಫೂರ್ತಿ ಪಡೆದದ್ದು, ಒಳ್ಳೆಯ ಕೆಲಸವೇ. ಮೇಷ್ಟ್ರ ಕೇಸಿನ ಕಾವಲು ಎತ್ತಿಹೋಯಿತಲ್ಲ ಎಂದು ನನಗೆ ದುಃಖವೇನಿಲ್ಲ. ಬಿಲ್ ಬುಕ್ಕಿಗೂ ಅದೇ ಅಕ್ಷರ ಬಂದಾಗ ಮಾತ್ರ ಸ್ವಲ್ಪ ನಗು ಬರುತ್ತದೆ.

ಕನ್ನಡಕ್ಕೆ ಇಂಥ ದಪ್ಪ-ತೆಳು ಯಾಕಿಲ್ಲ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ನಾವು ಬರೆದ ಉಪಕರಣಗಳೇ ಬೇರೆ. ತಾಳೆಗರಿಯ ಮೇಲೆ ಕಬ್ಬಿಣದ ಕಂಠದಿಂದ ಗೀರಿ ಮಸಿ ಸವರಿದರೆ ಬರುವುದು ಉದ್ದಕ್ಕೂ ಒಂದೇ ದಪ್ಪದ ಗೆರೆ. ಹುಣಿಸೆಬೀಜದ ಸರಿ, ಇದ್ದಿಲು ಬಳಿದ ಕಡತದ ಮೇಲೆ ಬಳಪದಲ್ಲಿ ಬರೆದರೂ ಅಷ್ಟೇ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಶ್ರೀರಾಂಪುರದಲ್ಲಿ ಅಚ್ಚಾದದ್ದು 1817ರಲ್ಲಿ. ಬೊಡೋನಿಯ ಮಾದರಿ ಗ್ರಂಥ ಬಂದದ್ದು ಮರುವರ್ಷ. ಒಂದು ಲಿಪಿ ಅಚ್ಚಿನ ನಾಜೂಕಿನ ತುತ್ತತುದಿಯಲ್ಲಿದ್ದಾಗ ಇನ್ನೊಂದು ಆಗಷ್ಟೇ ಮೊಳೆಗೆ ಇಳಿಯುತ್ತಿತ್ತು. ಇನ್ನೊಂದು ತೊಡಕೂ ಇದೆ. ಇಂಗ್ಲಿಷಿನಲ್ಲಿ ಕಂಬ ದಪ್ಪ, ಅಡ್ಡಗೆರೆ ತೆಳು ಎಂದು ಲೇಖನಿ ಶತಮಾನಗಳ ಹಿಂದೆಯೇ ತೀರ್ಮಾನಿಸಿಬಿಟ್ಟಿತ್ತು. ಕನ್ನಡದಲ್ಲಿ ಕಂಬವೆಲ್ಲಿದೆ? ಇರುವುದೆಲ್ಲ ಬಾಗು, ಮೇಲೊಂದು ತಲೆಕಟ್ಟು. ಅಡ್ಡಗೆರೆ ತೆಳುಮಾಡಹೊರಟರೆ ಮೊದಲು ತಲೆಕಟ್ಟು ಕರಗುತ್ತದೆ, ಆಮೇಲೆ ಕೆಳಗಿನ ಒತ್ತಕ್ಷರ. ಮೂರ್ತಿ ಕ್ಲಾಸಿಕಲ್ ಗ್ರಂಥಮಾಲೆಗಾಗಿ ಟಿರೊ ಟೈಪ್‌ವರ್ಕ್ಸ್‌ನವರು ಕನ್ನಡ ಅಕ್ಷರ ರೂಪಿಸಿದಾಗ ಈ ಹಾದಿ ಹಿಡಿಯಲಿಲ್ಲ. ರಾಘವಾಂಕನ ಹರಿಶ್ಚಂದ್ರ ಕಾವ್ಯ 2017ರಲ್ಲಿ ಆ ಮಾಲೆಯಲ್ಲಿ ಬಂದಾಗ, ಎದುರು ಪುಟದ ಇಂಗ್ಲಿಷಿನ ಜತೆ ಕನ್ನಡ ತನ್ನ ಗುಂಡುತನ ಬಿಡದೆ ಕೂತಿತ್ತು.

ಅದನ್ನು ನೋಡಿದ ಹುರುಪಿನಲ್ಲೇ ಒಂದು ಸಣ್ಣ ಪ್ರಕಾಶನದ ದ್ವಿಭಾಷಾ ಪುಸ್ತಕದ ವಿನ್ಯಾಸಕ್ಕೆ ಒಪ್ಪಿಕೊಂಡೆ. ಇಂಗ್ಲಿಷ್ ಪುಟಗಳಿಗೆ ಬೊಡೋನಿ ಇರಲಿ ಎಂಬುದು ಪ್ರಕಾಶಕಿಯ ಆಸೆ, ನನ್ನದೂ. ಮಾದರಿ ಪುಟ ತೆಗೆದು ಎದುರುಬದುರು ಇಟ್ಟರೆ ಕನ್ನಡದ ಪುಟ ಮಂಕಾಗಿ ಕಂಡಿತು. ಇಂಗ್ಲಿಷ್ ಮಾತ್ರ ಥಳಥಳ. ಪಠ್ಯಕ್ಕೆ ಬೊಡೋನಿ ಬೇಡವೆಂದು ಹಾಗೆಯೇ ತೀರ್ಮಾನವಾಯಿತು. ಅಧ್ಯಾಯದ ತಲೆಬರಹಕ್ಕೆ ಇಟ್ಟು ನೋಡಿದೆವು. ಕನ್ನಡದ ತಲೆಬರಹ ಅದರ ಪಕ್ಕ ಅಷ್ಟೇ ಎತ್ತರ ಇದ್ದರೂ ಗಿಡ್ಡವೆನಿಸಿತು, ಅಲ್ಲಿಂದಲೂ ತೆಗೆದೆವು. ಕೊನೆಗೆ ಉಳಿದದ್ದು ಪುಟಸಂಖ್ಯೆ. ಎಡಕ್ಕೂ ಬಲಕ್ಕೂ ಕೆಳಗೆ ಬೊಡೋನಿಯ ಅಂಕಿ, ಆ 2, ಆ 5. ಅದಕ್ಕೆ ಯಾರ ತಕರಾರೂ ಇರಲಾರದೆಂದುಕೊಂಡಿದ್ದೆ. ಕರಡು ನೋಡಿದ ಪ್ರಕಾಶಕಿ ಫೋನ್ ಮಾಡಿದರು. “ಎಲ್ಲಾ ಚೆನ್ನಾಗಿದೆ ಸಾರ್. ಆದ್ರೆ ಕನ್ನಡ ಪುಟಗಳಿಗೆ ಕನ್ನಡ ಅಂಕಿನೇ ಹಾಕಿಬಿಡೋಣ ಅಲ್ವಾ?” ಅವರು ಹೇಳಿದ್ದು ಸರಿಯಾಗಿತ್ತು. ಈಗ ಆ ಪುಸ್ತಕದಲ್ಲಿ ಬಲಗಡೆಯ ಪುಟಗಳಲ್ಲಿ ಮಾತ್ರ ಬೊಡೋನಿ ಇದ್ದಾನೆ. ಬೆಸ ಸಂಖ್ಯೆಗಳಾದ್ದರಿಂದ 5 ಎಲ್ಲೆಲ್ಲೂ ಸಿಗುತ್ತದೆ, 2 ಕಾಣಬೇಕಾದರೆ ಇಪ್ಪತ್ತೊಂದನೆಯ ಪುಟದವರೆಗೆ ಕಾಯಬೇಕು.